‘ಆರಾಮ’ ಎಂದವರನ್ನು ಮತ್ತೊಮ್ಮೆ ಕೇಳುವ ಜಯಲತಾ

ಮುಂಜಾನೆ ಆರಕ್ಕೇ ಮುಂಬೈ ಬಳಿಯ ಕಲ್ಯಾಣದ ಆ ಧರ್ಮಾರ್ಥ ದವಾಖಾನೆಯ ಶಟರ್ ಅರ್ಧ ಮೇಲೆ ಹೋಗಿದೆ. ಒಳಗೆ ಜಯಲತಾ ಪ್ಲಾಸ್ಟಿಕ್ ಸ್ಟೂಲುಗಳನ್ನು ಒರೆಸಿ, ಪ್ರತಿ ಕುರ್ಚಿಯ ಮುಂದೆ ಒಂದೊಂದನ್ನು ಇಡುತ್ತಿದ್ದಾರೆ. ಬರುವವರು ಕಾಲು ಮೇಲಿಟ್ಟು ಕೂರಬೇಕಲ್ಲ. ಕೈ ಕೆಲಸ ಮಾಡುತ್ತಿದೆ, ಕಣ್ಣು ಮಾತ್ರ ರಸ್ತೆಯ ಮೇಲಿದೆ. ಇಂದು ಭಾನುವಾರ, ಹಳಿ ದುರಸ್ತಿಗೆಂದು ಗಾಡಿಗಳನ್ನು ತಡೆಯುವ ರೈಲ್ವೆಯ ಮೆಗಾಬ್ಲಾಕ್. ಘಣಸೋಲಿಯಿಂದ ಮರೆಮ್ಮ ಎಂಬ ರೋಗಿ ಬರಬೇಕು.

“ಠಾಣೆಯಲ್ಲಿ ಗಾಡಿ ಬದಲಿಸ್ಬೇಕು ಅವರು. ಅನೌನ್ಸ್‌ಮೆಂಟ್ ಎಲ್ಲ ಮರಾಠಿ, ಹಿಂದಿ. ತಪ್ಪಿ ಪನ್ವೇಲ್ ಕಡೆ ಹೋದ್ರೆ ಎಂತ ಮಾಡುದು ಮಾರಾಯ್ರೆ?” ಎನ್ನುತ್ತಾರೆ. ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿದೆ ಎಂದು ತಾವೇ ನಕ್ಕು, ಮತ್ತೆ ರಸ್ತೆ ನೋಡುತ್ತಾರೆ.

ಇದು ಕಾಲಿನ ನರ ಉಬ್ಬಿದವರ ದವಾಖಾನೆ. ಭಿವಂಡಿಯ ಮಗ್ಗದ ಮುಂದೆ ನಿಂತವರು, ಹೋಟೆಲಿನ ಒಲೆ ಮುಂದೆ ನಿಂತವರು, ಗೇಟಿನಲ್ಲಿ ನಿಂತ ವಾಚ್‌ಮನ್‌ಗಳು, ಒಟ್ಟಿನಲ್ಲಿ ಮುಂಬೈಯ ಸುತ್ತಮುತ್ತ ನಿಂತೇ ಅನ್ನ ತಿಂದವರೆಲ್ಲ ಇಲ್ಲಿಗೆ ಬರುತ್ತಾರೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಮಂದಿ. ಅವರನ್ನು ಕೂರಿಸಿ ಪ್ರಶ್ನೆ ಕೇಳುವುದು ಜಯಲತಾ ಕೆಲಸ. ನಿದ್ದೆ ಬರುತ್ತದೆಯೇ? ಎಷ್ಟು ಹೊತ್ತು ನಿಲ್ಲಬಲ್ಲಿರಿ? ಕಾಲಿನ ದೆಸೆಯಿಂದ ನಾಲ್ಕು ಜನರ ನಡುವೆ ಹೋಗುವುದನ್ನು ಬಿಟ್ಟಿದ್ದೀರಾ? ರೋಗ ಬದುಕನ್ನು ಎಷ್ಟು ತಿಂದಿದೆ ಎಂದು ಅಳೆಯುವ ಪ್ರಶ್ನೆಗಳಿವು. ಉತ್ತರಕ್ಕೆ ಅಂಕ ಉಂಟು. ಅಂಕ ಹೆಚ್ಚಿದಷ್ಟೂ ಬದುಕು ಹೈರಾಣ. ವರ್ಷಕ್ಕೆರಡು ಸಲ ಒಂದು ಟ್ರಸ್ಟಿನವರು ಉಚಿತ ಲೇಸರ್ ಚಿಕಿತ್ಸೆಯ ಶಿಬಿರ ಮಾಡಿಸುತ್ತಾರೆ. ಡಾಕ್ಟರು ಕಾಲು ನೋಡಿ ಕೊಡುವ ಅಂಕ ಅರ್ಧ, ರೋಗಿಯ ಬಾಯಿಂದ ಬಂದದ್ದು ಇನ್ನರ್ಧ. ಹೆಚ್ಚು ಬಂದವರಿಗೆ ಮೊದಲ ಸರದಿ.

ಮಗು ಅತ್ತರೆ ತಾನೇ ತಾಯಿ ಹಾಲು ಕೊಡುವುದು? ಆದರೆ ನಮ್ಮವರು ಅಳುವುದಿಲ್ಲವಲ್ಲ! ರಾಯಚೂರು, ವಿಜಯಪುರದ ಕಡೆಯವರಿಗೆ ‘ಹೆಂಗದೀರಿ’ ಎಂದರೆ ‘ಆರಾಮ ಅದೀವ್ರಿ’ ಎನ್ನುವುದು ಮರ್ಯಾದೆ. ಎದುರಿನವರಿಗೆ ಭಾರವಾಗಬಾರದೆಂಬ ಸಂಸ್ಕಾರ. ಆ ಮರ್ಯಾದೆಯೇ ಕಳೆದ ಶಿಬಿರದಲ್ಲಿ ಮರೆಮ್ಮನ ಸರದಿಯನ್ನು ಕೊನೆಗೆ ತಳ್ಳಿತು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವ ಈ ಹೆಂಗಸು ಎಲ್ಲದಕ್ಕೂ ‘ಆರಾಮ’ ಎಂದಳು. ಅವಳು ಹೇಳಿದ್ದನ್ನೇ ಜಯಲತಾ ಬರೆದರು. ಲೇಸರ್ ಅವಳವರೆಗೆ ಬರಲೇ ಇಲ್ಲ.

“ಬರ್ದದ್ದು ನಾನೇ ಅಲ್ವಾ? ನಂಗೆ ಗೊತ್ತಾಗ್ಬೇಕಿತ್ತು. ನನ್ನ ಅಪ್ಪನೂ ಹೀಗೇ” ಎನ್ನುವಾಗ ಜಯಲತಾ ದನಿ ಇಳಿಯುತ್ತದೆ. ಅಪ್ಪ ಗುಣಪಾಲ ಉಡುಪಿ ಕಡೆಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಆಯುಷ್ಯವಿಡೀ ದೋಸೆ ಕಾವಲಿಯ ಮುಂದೆ ನಿಂತವರು. ಪ್ಯಾಂಟಿನೊಳಗೆ ಕಾಲಿಗೆ ಹಳೇ ಪಂಚೆ ಸುತ್ತಿಕೊಳ್ಳುತ್ತಿದ್ದರು. ಕೇಳಿದರೆ ತುಳುವಿನಲ್ಲಿ ‘ದಾಲ ಇಜ್ಜಿ’, ಏನೂ ಇಲ್ಲ, ಎಂಬ ಒಂದೇ ಉತ್ತರ. ಹುಣ್ಣಾಗಿ ಕೆಲಸ ಬಿಟ್ಟ ಮೇಲೆಯೇ ಮನೆಯವರಿಗೆ ತಿಳಿದದ್ದು. ಅವರು ಹೋದ ಮೇಲೆ, 2008ರಲ್ಲಿ, ಡೊಂಬಿವಲಿಯ ಟೈಪಿಂಗ್ ಕೆಲಸ ಬಿಟ್ಟು ಜಯಲತಾ ಇಲ್ಲಿ ಸೇರಿದರು. ಈ 2013ಕ್ಕೆ ಐದು ವರ್ಷವಾಯಿತು.

ಹಾಗೆಂದು ಅಂಕವನ್ನು ತಾವೇ ಏರಿಸುವಂತಿಲ್ಲ, ಉತ್ತರ ಬಾಯಿಗೆ ತುರುಕುವಂತೆಯೂ ಇಲ್ಲ. ದವಾಖಾನೆಯ ಡಾಕ್ಟರು ಡಾ. ದಿಶಾ ಅವರ ಕಟ್ಟಪ್ಪಣೆ ಅದು. “ಒಬ್ಬರದ್ದು ಏರಿಸಿದ್ರೆ ಇನ್ನೊಬ್ಬರ ಸರದಿ ಕದ್ದ ಹಾಗೆ” ಎನ್ನುತ್ತಾರೆ ಅವರು. ಜಯಲತಾಗೂ ಅದು ಒಪ್ಪಿಗೆಯೇ. ಒಪ್ಪಿಗೆಯಾದರೂ ಸಂಕಟ ತಪ್ಪುವುದಿಲ್ಲ. ಮರೆಮ್ಮನ ಪಾದದ ಗಂಟಿನ ಮೇಲೆ ಈಗ ಗಾಯ ಬಾಯಿ ಬಿಟ್ಟಿದೆ. ಈ ಸಲದ ಶಿಬಿರಕ್ಕೆ ಅಂಕ ಬರೆಯುವುದು ಇಂದೇ. ಇಂದೂ ‘ಆರಾಮ’ ಎಂದರೆ ಇನ್ನು ಆರು ತಿಂಗಳು ಆ ಕಾಲು ಇಟ್ಟಿಗೆ ಹೊರಬೇಕು.

ಮಧ್ಯಾಹ್ನ ಸರದಿ ಮುಗಿಯುತ್ತಾ ಬಂದಾಗ ಮರೆಮ್ಮ ಬಾಗಿಲಲ್ಲಿ ಕಾಣಿಸುತ್ತಾಳೆ. ಬೆವರಿಳಿಯುತ್ತಿದೆ, ಕಾಲು ಎಳೆದು ಹಾಕುತ್ತಾಳೆ. ಜಯಲತಾ ಸ್ಟೂಲ್ ಮುಂದಿಟ್ಟು, ನೀರು ಕೊಟ್ಟು, ಮೊದಲ ಪ್ರಶ್ನೆ ಕೇಳುತ್ತಾರೆ.

“ಆರಾಮ ಅದೀನ್ರಿ ಅಕ್ಕಾರ.”

“ಜನರ ನಡುವೆ ಹೋಗುದು ಬಿಟ್ಟಿದ್ದೀರಾ?”

“ಇಲ್ರಿ. ಆರಾಮ.”

ಜಯಲತಾ ಪೆನ್ನು ಕೆಳಗಿಡುತ್ತಾರೆ. ಮುಖ ಒರೆಸಲು ಮರೆಮ್ಮ ಸೆರಗೆತ್ತಿದಾಗ ಕರಿಮಣಿಯ ದಾರ ಹೊರಗೆ ಬೀಳುತ್ತದೆ. ಅದರಲ್ಲಿ ತಾಳಿಯ ಪಕ್ಕ ಕಾಲುಂಗುರದ ಜೋಡಿ ಪೋಣಿಸಿದೆ. ನೋಡಿದರೆ ಕಾಲ್ಬೆರಳುಗಳು ಬರಿದು, ಪಾದ ಬಾತಿದೆ.

“ಕಾಲುಂಗುರ ಕೊರಳಲ್ಲಿ ಯಾಕೆ ಉಂಟು ಮರೆಮ್ಮ?”

ಮರೆಮ್ಮ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಾಳೆ. ಆಮೇಲೆ ಕಟ್ಟೆ ಒಡೆಯುತ್ತದೆ.

“ಬಾತ್ಕೊಂಡು ಬೆರಳು ಕಡಿಯಾಕತ್ತಿತ್ರಿ, ಉಂಗ್ರ ಕತ್ತರಿಸಿ ತಗದ್ವಿ. ಗಂಡ ಜೀವಂತ ಅದಾನ, ಬರಿಬೆರಳು ಕಂಡ್ರ ಮಂದಿ ಏನಂತಾರ? ಮಗಳ ಕುಬುಸಕ್ಕ ಊರಿಗಿ ಹೋಗ್ಲಿಲ್ರಿ ಅಕ್ಕಾರ. ಚೊಚ್ಚಲ ಬಸುರಿ. ಬರಿಬೆರಳಿಲೆ ಹೆಂಗ ಉಡಿ ತುಂಬ್ಲಿ? ರೈಲಿಗಿ ಟಿಕೀಟ ಸಿಗಲಿಲ್ಲಂತ ಸುಳ್ಳ ಹೇಳಿದ್ನಿ. ಅಕಿ ಫೋನ್ನಾಗ ಅತ್ಲು.”

ಜಯಲತಾ ಕಣ್ಣೂ ತುಂಬಿದೆ, ಮುಚ್ಚಿಡುವುದಿಲ್ಲ. ಪೆನ್ನು ಎತ್ತಿಕೊಂಡು, ಒಂದಕ್ಷರ ತಮ್ಮದು ಸೇರಿಸದೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. “ಕಾಲಿನ ದೆಸೆಯಿಂದ ಜನರ ನಡುವೆ ಹೋಗುದು ಬಿಟ್ಟಿದ್ದೀರಾ?”

“ಬಿಟ್ಟೀನ್ರಿ,” ಎನ್ನುತ್ತಾಳೆ ಮರೆಮ್ಮ. “ಎಲ್ಲಾ ಬಿಟ್ಟೀನಿ.” ನಿದ್ದೆ, ನಿಲ್ಲುವುದು, ಮೆಟ್ಟಿಲು, ಒಂದೊಂದಕ್ಕೂ ಈಗ ನಿಜವಾದ ಉತ್ತರ ಬರುತ್ತದೆ.

ಸಂಜೆ ಡಾ. ದಿಶಾ ಅಂಕ ಕೂಡಿಸಿ ಸರದಿ ಹೇಳುವವರೆಗೆ ಜಯಲತಾ ಊಟದ ಡಬ್ಬಿ ಬಿಚ್ಚುವುದಿಲ್ಲ. ಮರೆಮ್ಮನದು ಎರಡನೇ ಹೆಸರು. ಬುಧವಾರ ಲೇಸರ್. ಸುದ್ದಿ ಕೇಳಿ ಜಯಲತಾ ಮಾಡುವುದು ಇಷ್ಟೇ: ಗೋಡೆಗೊರಗಿ ಕೂತು, ಇಡೀ ದಿನ ನಿಂತ ತಮ್ಮ ಕಾಲುಗಳನ್ನು ಖಾಲಿ ಸ್ಟೂಲೊಂದರ ಮೇಲೆ ಇಡುತ್ತಾರೆ. ಬುಧವಾರ ಮರೆಮ್ಮನಿಗೆ ಕಟ್ಟಡದ ಮೇಸ್ತ್ರಿ, ಆ ಮುಕಾದಮ, ರಜೆ ಕೊಡುತ್ತಾನೋ ಇಲ್ಲವೋ ಎಂಬ ಹೊಸ ಚಿಂತೆ ಆಗಲೇ ಶುರುವಾಗಿದೆ. ನಾಳೆ ತಾವೇ ಫೋನ್ ಮಾಡುತ್ತಾರಂತೆ.

ಅವರಿಗೇನು ಆಸೆ ಎಂದು ಕೇಳಿದೆವು. ಪಗಾರದ ಮಾತೋ, ಪರ್ಮನೆಂಟ್ ಆಗುವ ಮಾತೋ ಬರಬಹುದು ಎಂದುಕೊಂಡಿದ್ದೆವು. ಜಯಲತಾ ಬಾಗಿಲಿನಿಂದ ಕುರ್ಚಿಯವರೆಗಿನ ಟೈಲ್ಸಿನ ನೆಲ ತೋರಿಸುತ್ತಾರೆ.

“ಮುಂದಿನ ಸಲ ಮರೆಮ್ಮ ಇಲ್ಲಿ ನಡ್ಕೊಂಡು ಬರುವಾಗ ಕಾಲುಂಗುರದ ಸದ್ದು ಕೇಳ್ಬೇಕು ನಂಗೆ. ಆಮೇಲೆ ಅವರು ಬೇಕಾದ್ರೆ ಆರಾಮ ಅನ್ಲಿ, ನಾನು ಬರ್ಕೊಳ್ತೇನೆ.”