ಟಾರ್ಚಿನವನ ತೆರಿಗೆ ಕಾಗದ

ಹೆಂಡತಿ ಮಗಳನ್ನು ಬಿಟ್ಟರೆ ಮಿಕ್ಕವರೆಲ್ಲ ಅವನನ್ನು ಟಾರ್ಚು ಎಂದೇ ಕರೆಯುತ್ತಿದ್ದರು. ಕಾರ್ಖಾನೆಗಳ ಕೊಳವೆಗಳಿಗೆ ಹಾಕಿದ ವೆಲ್ಡಿಂಗ್ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಅವನ ಕೆಲಸ. ಬೆಸುಗೆಯ ಉದ್ದಕ್ಕೂ ಟಾರ್ಚು ಬಿಟ್ಟು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದ. ಕೆಲಸದಲ್ಲಿ ಇದು ಒಳ್ಳೆಯ ಗುಣವೇ. ಕಷ್ಟವೆಂದರೆ ಕೆಲಸ ಮುಗಿದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ಮಾವನ ಹೊಸ ಮನೆಗೆ ಹೋದವನು, ಕೊಟ್ಟ ಕಾಫಿ ಕುಡಿದು ಸುಮ್ಮನಿರದೆ, ಸೂರಿನತ್ತ ಟಾರ್ಚು ಬಿಟ್ಟು "ಇಲ್ಲೊಂದು ಬಿರುಕಿದೆ ಮಾವ" ಎಂದಿದ್ದ. ಅಂದಿನಿಂದ ಮಾವ ಮಾತು ಬಿಟ್ಟಿದ್ದರು. ಬಿರುಕಂತೂ ಇದ್ದೇ ಇತ್ತು.

ಕಾಯಂ ನೌಕರಿ ಅವನ ಹಣೆಯಲ್ಲಿ ಬರೆದಿರಲಿಲ್ಲ. ಎಲ್ಲ ಕಾಂಟ್ರಾಕ್ಟು. ಯಾವುದೋ ಊರಿನ ಕಾರ್ಖಾನೆ ರಿಪೇರಿಗೆಂದು ನಿಂತರೆ ಇವನ ಸಂಸಾರ ನಡೆಯುತ್ತಿತ್ತು. ನಡುವೆ ಏಜೆನ್ಸಿಯವರು. ಕಾರ್ಖಾನೆಗೆ ಇವನನ್ನು ತೋರಿಸಿ, ಇವನಿಗೆ ಕಾರ್ಖಾನೆಯನ್ನು ತೋರಿಸಿ, ತಮ್ಮ ಪಾಲನ್ನು ಯಾರಿಗೂ ತೋರಿಸದೆ ಇಳಿಸಿಕೊಳ್ಳುವ ಪುಣ್ಯಾತ್ಮರು. ಹೀಗೆ ಊರೂರು ಅಲೆದು, ಲಾಡ್ಜುಗಳಲ್ಲಿ ಬಟ್ಟೆ ಒಣಗಿಸಿಕೊಂಡು, ಮಗಳು ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿದರೆ ಒಂದು ಕ್ಷಣ ತಡವರಿಸುವ ಮಟ್ಟಕ್ಕೆ ಬಂದಿದ್ದ. ಆ ತಡವರಿಕೆ ಅವನನ್ನೇ ಹೆದರಿಸಿತ್ತು.

ಅಷ್ಟರಲ್ಲಿ ಬಂತು ಆ ಕೆಲಸ. ಮನೆಯ ಹಿಂದಿನ ರಸ್ತೆಯಲ್ಲಿದ್ದ ಕಾಗದದ ಕಾರ್ಖಾನೆಗೆ ವರ್ಷಗಟ್ಟಲೆ ಒಬ್ಬ ತಪಾಸಣೆಯವನು ಬೇಕಂತೆ. ಮಧ್ಯಾಹ್ನದ ಊಟಕ್ಕೆ ನಡೆದುಕೊಂಡೇ ಮನೆಗೆ ಬರಬಹುದು. ಕಾರ್ಖಾನೆಯ ಎಂಜಿನಿಯರು ಇವನ ಕೈಗೊಂದು ಕೊಳವೆ ಕೊಟ್ಟು ಪರೀಕ್ಷೆ ಮಾಡಿ, "ನಾಳೆನೇ ಬನ್ನಿ" ಎಂದುಬಿಟ್ಟಿದ್ದರು. ಹೆಂಡತಿ ಅವನ ಪ್ರಯಾಣದ ಚೀಲವನ್ನು ಒಗೆದು ಒಣಗಿಸಿ, ಇನ್ನಿದರ ಕೆಲಸ ಮುಗಿಯಿತೆಂದು ಅದರೊಳಗೆ ಹಳೆಯ ಕಂಬಳಿ ತುಂಬಿಟ್ಟಳು.

ಉಳಿದದ್ದು ಏಜೆನ್ಸಿಯ ಒಂದೇ ಒಂದು ಬೇಡಿಕೆ. ಕಳೆದ ಮೂರು ವರ್ಷದ ತೆರಿಗೆ ರಿಟರ್ನ್, ಒಂದು ಪುಟವೂ ಬಿಡದಂತೆ.

ಯಾಕೆ ಎಂದು ಕೇಳಿದರೆ 'ವೆರಿಫಿಕೇಶನ್' ಎನ್ನುತ್ತಾರೆ. ಆ ಪದಕ್ಕೆ ಅರ್ಥವೇನೆಂದು ಕಾಂಟ್ರಾಕ್ಟಿನಲ್ಲಿ ತಲೆ ನರೆತವರಿಗೆಲ್ಲ ಗೊತ್ತು. ಹಿಂದಿನ ಸಲ ಇವನು ಎಷ್ಟಕ್ಕೆ ಒಪ್ಪಿದ್ದ ಎಂದು ನೋಡಿ, ಈ ಸಲ ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಜಾಸ್ತಿ ಕೊಟ್ಟು ಕೈ ತೊಳೆದುಕೊಳ್ಳುವುದು. ಅದಕ್ಕೇ ಕಾಂಟ್ರಾಕ್ಟಿನ ಜನ ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ಇವರೆಲ್ಲರಿಗೂ ಒಬ್ಬ ಆಡಿಟರು. ಕಾಗದವೆಲ್ಲ ಅವರ ಹತ್ತಿರ. ಅವರು ಮಾತ್ರ ಕೈಗೆ ಸಿಗುವುದಿಲ್ಲ, ಯಾಕೆಂದರೆ ಅವರು ಹುಟ್ಟೇ ಇಲ್ಲ. ಕ್ರೇನಿನವನು ಅವರಿಗೆ ಹೆಸರಿಟ್ಟ, ಪೇಂಟಿನವನು ಊರು ಕೊಟ್ಟ, ಟಾರ್ಚು ಬಿ.ಪಿ. ಕೊಟ್ಟ. ಅವರಿಗೆ ಹೊಸದಾಗಿ ಏನೇ ಆಪತ್ತು ಬಂದರೂ ಮೊದಲು ಉಳಿದವರಿಗೆ ಫೋನ್ ಮಾಡಿ ತಿಳಿಸಬೇಕು ಎಂಬುದು ಒಪ್ಪಂದ. ಆ ವಾರ ಮೂವರೂ ಸೋಮಾರಿಗಳು ಫೋನ್ ಮಾಡಲಿಲ್ಲ.

ಏಜೆನ್ಸಿಯ ಹುಡುಗಿ ಫೋನ್ ಮಾಡಿದಳು.

"ಸರ್, ನಿಮ್ಮ ಆಡಿಟರ್ ಈಗ ಹೇಗಿದಾರೆ?"

"ಅದೇ ಮೇಡಂ, ಕಾಲಿಗೆ ಪ್ಲಾಸ್ಟರ್ ಹಾಕಿದಾರೆ. ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ."

"ಹೌದಾ? ಕ್ರೇನ್ ಆಪರೇಟರ್ ಹೇಳಿದ್ರು, ಅವರು ಫಾರಿನ್ ಟೂರ್ ಹೋಗಿದಾರಂತೆ."

"ಅವರದು ಬೇರೆ ಆಡಿಟರ್ ಇರಬೇಕು."

"ಹೆಸರೂ ಒಂದೇ ಸರ್, ಊರೂ ಒಂದೇ. ಪೇಂಟಿಂಗ್ ಕಾಂಟ್ರಾಕ್ಟರ್ ಬೆಳಿಗ್ಗೆ ಹೇಳಿದ್ರು, ಅವರು ತೀರಿಕೊಂಡ್ರಂತೆ."

"ಅಯ್ಯೋ ಪಾಪ" ಎಂದ ಟಾರ್ಚು.

"ಕಾಲು ಮುರ್ಕೊಂಡು ಫಾರಿನ್‌ಗೆ ಹೋಗಿ ಸತ್ತಿದಾರೆ ಸರ್. ಅವರ ಆತ್ಮಕ್ಕೆ ಶಾಂತಿ ಸಿಗ್ಲಿ. ನೀವು ನಾಳೆಯೊಳಗೆ ಕಾಗದ ಕಳಿಸಿ."

ಇಷ್ಟಾದ ಮೇಲೆ ಮಾನ ಎಲ್ಲಿ ಉಳಿಯಿತು? ನೇರವಾಗಿಯೇ ಕೇಳಿದ. "ಕೆಲಸ ಮಾಡಿದೀನಿ ಅನ್ನೋದಕ್ಕೆ ಕಾರ್ಖಾನೆಗಳ ಪತ್ರ ಕೊಟ್ಟಿದೀನಿ. ತೆರಿಗೆ ಕಟ್ಟಿದೀನಿ ಅನ್ನೋದಕ್ಕೆ ರಸೀದಿ ಕೊಡ್ತೀನಿ. ಒಳಗಿನ ಪುಟ ನಿಮಗ್ಯಾಕೆ? ಬೇಡದ್ದಕ್ಕೆ ಮಸಿ ಬಳಿದು ಕೊಡ್ಲಾ?"

"ಮಸಿ ಇದ್ರೆ ಮೇಲಿನವರು ವಾಪಸ್ ಕಳಿಸ್ತಾರೆ ಸರ್. ನಾನೂ ಎಲ್ಲ ಕೊಟ್ಟೇ ಸೇರಿದ್ದು. ನಂದೂ ಕಾಂಟ್ರಾಕ್ಟೇ."

ಹೆಂಡತಿಗೆ ವಿಷಯ ತಿಳಿದಾಗ ಅವಳು ಮೊದಲು ಆಡಿಟರ ಸಾವಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಗಂಡನ ಮೇಲೆ ಹರಿಹಾಯ್ದಳು. "ಸಂಬಳ ಸ್ವಲ್ಪ ಕಮ್ಮಿ ಕೊಡ್ತಾರೆ, ಅಷ್ಟೇ ತಾನೆ? ಕೊಡ್ಲಿ ಬಿಡಿ. ನೀವು ಮನೇಲಿರ್ತೀರಲ್ಲ. ಏನು ಕದ್ದು ಮುಚ್ಚಿ ಸಂಪಾದಿಸಿದೀರ ಅಂತ ಇಷ್ಟು ನಾಟಕ? ಈಗಲೇ ಕಳಿಸಿ, ನಾನು ಇಲ್ಲೇ ಕೂತಿರ್ತೀನಿ." ಊಟದ ಮೇಜಿನ ಮೇಲೆ ಕಂಪ್ಯೂಟರು ಇಟ್ಟು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

ಟಾರ್ಚು ಒಂದೊಂದೇ ಪುಟ ತೆರೆದ. ಮನೆ ಸಾಲ, ವಿಮೆ, ಬ್ಯಾಂಕಿನ ಬಡ್ಡಿ. ಮುಂದಿನ ಪುಟದ ಹತ್ತಿರ ಅವನ ಬೆರಳು ನಿಂತಿತು. "ಏನ್ರೀ ಮೀನಮೇಷ ಎಣಿಸ್ತಾ ಇದೀರ" ಎಂದು ಅವಳೇ ಕೈ ಚಾಚಿ ಒತ್ತಿದಳು.

ಅಲ್ಲಿ ಅವಳಿದ್ದಳು. ತೆರಿಗೆಯಲ್ಲಿ ರಿಯಾಯಿತಿ ಕೇಳಿದ್ದ ಖರ್ಚು: ಪತ್ನಿಯ ಚಿಕಿತ್ಸೆ. ಪಕ್ಕದಲ್ಲಿ ಆಸ್ಪತ್ರೆಯ ಹೆಸರು. ಅದರ ಪಕ್ಕದಲ್ಲಿ ಕಾಯಿಲೆಯ ಹೆಸರು. ಹಿಂದಿನ ವರ್ಷ ಆ ಕಾಯಿಲೆ ಅವಳನ್ನು ಹಿಡಿದು, ಹಿಂಡಿ, ಕೊನೆಗೆ ಬಿಟ್ಟಿತ್ತು. ಒಡಹುಟ್ಟಿದ ಅಕ್ಕನಿಗೂ ಹೊಟ್ಟೆನೋವು ಎಂದಷ್ಟೇ ಹೇಳಿದ್ದಳು. ಮಗಳಿಗೂ ಅಷ್ಟೇ. ವಾಸಿಯಾದ ಮೇಲೆ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಲ್ಲಿ ಆಡಿರಲಿಲ್ಲ.

ಅವನಿಗೆ ಇದು ಮೊದಲ ದಿನದಿಂದ ಗೊತ್ತಿತ್ತು. ಸಂಬಳದ ಜಗಳ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಈ ಪುಟದ ಮಾತೆತ್ತಲು ಮಾತ್ರ ನಾಲಿಗೆ ಹೊರಳಿರಲಿಲ್ಲ.

"ಇದನ್ನ ಯಾರ್ಯಾರು ನೋಡ್ತಾರೆ?" ಎಂದಳು. ದನಿ ಇಳಿದಿತ್ತು.

"ಏಜೆನ್ಸಿಯವರು. ಆಮೇಲೆ ಕಾರ್ಖಾನೆ ಆಫೀಸಿಗೆ ಹೋಗುತ್ತೆ."

ಕಾರ್ಖಾನೆಯ ಆಫೀಸಿನಲ್ಲಿ ಅವರ ಬೀದಿಯ ಅರ್ಧ ಜನ ಕೆಲಸಕ್ಕಿದ್ದರು.

"ಕೆಲಸ ಬೇಕಂದ್ರೆ ಕಳಿಸಲೇಬೇಕು ಕಣೇ" ಎಂದ ಅವನು, ಅವಳ ಮುಖ ನೋಡದೆ.

"ನಾನು ಹೂಂ ಅಂದ್ರೆ ಕಳಿಸ್ತೀರಾ?"

ಅವನು ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. "ಇಲ್ಲ" ಎಂದ.

ಬೆಳಿಗ್ಗೆ ಏಜೆನ್ಸಿಗೆ ಫೋನ್ ಮಾಡಿದ್ದು ಅವಳೇ. "ನೋಡಮ್ಮ, ಪೈಪ್ ನೋಡೋಕೆ ಬರೋದು ನಮ್ಮ ಯಜಮಾನ್ರು. ಅವರ ಕಣ್ಣು ಪರೀಕ್ಷೆ ಮಾಡಿ, ಕೈ ಪರೀಕ್ಷೆ ಮಾಡಿ, ಬೇಕಿದ್ರೆ ಹಲ್ಲು ಎಣಿಸ್ಕೊಳ್ಳಿ. ಆ ಕಾಗದದಲ್ಲಿ ನನ್ನ ವಿಷಯ ಇದೆ. ನನ್ನ ವಿಷಯ ನಿಮಗೆ ಬೇಕಾಗಿಲ್ಲ."

ಆ ಕಡೆಯಿಂದ ಹುಡುಗಿ ಮೆಲ್ಲಗೆ ಕೇಳಿದಳು, "ಸೇರೋವಾಗ ನಾನೂ ಕಾಗದ ಕೊಡಬಾರದಿತ್ತು, ಅಲ್ವಾ ಮೇಡಂ?"

"ಮುಂದಿನ ಸಲ ಕೊಡಬೇಡ ತಾಯಿ" ಎಂದಳು ಇವಳು.

ಹುಡುಗಿ ಒಳ್ಳೆಯವಳೇ. ಮೇಲಿನವರಿಗೆ ಹೇಳಿ ನೋಡಿದಳಂತೆ. ಮೇಲಿನವರಿಗೆ ಇಂಥದ್ದೆಲ್ಲ ಕೇಳಿಸುವ ಕಿವಿ ಇರುವುದಿಲ್ಲ. ಕೆಲಸ ಬೇರೆ ಯಾರಿಗೋ ಹೋಯಿತು. ಎರಡೂರು ದಾಟಿ ಇನ್ನೆಲ್ಲೋ ಒಂದು ರಿಪೇರಿ ಕೆಲಸ ಸಿಕ್ಕಿತು, ತೆರಿಗೆ ಗಿರಿಗೆ ಕೇಳದ ಸಣ್ಣ ಏಜೆನ್ಸಿ, ಸಂಬಳವೂ ಸಣ್ಣದೇ.

ಹೊರಡುವ ದಿನ ಮಗಳು ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಒಂದು ಕಾಗದ ಕಳಿಸೋದಕ್ಕೆ ನಿಮಗೇನಾಗಿತ್ತು ಅಪ್ಪ? ನಮಗಿಂತ ಆ ಕಾಗದನೇ ಹೆಚ್ಚಾಯ್ತಾ?"



"ನಿಮ್ಮಪ್ಪ ಕೇಳಿದ್ದು ಕೆಲಸ" ಎಂದಳು ಹೆಂಡತಿ. "ಅದಕ್ಕೆ ಬದಲು ಏಜೆನ್ಸಿಯವರು ನನ್ನನ್ನೇ ಕೊಡಿ ಅಂದ್ರು. ಇವರು ಕೊಡಲ್ಲ ಅಂದ್ರು."

ಮಗಳು ಅರ್ಥವಾಗದೆ ಇಬ್ಬರನ್ನೂ ನೋಡಿದಳು. ಟಾರ್ಚು ಬಗ್ಗಿ, ಆಗಲೇ ಬಿಗಿಯಾಗಿ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತ ಕೂತ.