ಮಲಂಗಸಾಬನಿಗೆ ಹೇಳಿದ ಪಾಠ

ಎದುರಿಗೆ ಕೇಳುವ ಮುಖವೊಂದು ಇರದಿದ್ದರೆ ತಾಯಣ್ಣನಿಗೆ ಮಾತೇ ಹೊರಡುತ್ತಿರಲಿಲ್ಲ. ಅದು ಮಲ್ಲಟದ ಹೊಲಗಳಲ್ಲಿ ಬೆಳೆದ ರೂಢಿ. ತಾಯಿ ಮಾನಮ್ಮ ಕೂಲಿಗೆ ಹೋದಲ್ಲೆಲ್ಲ ಅವನೂ ಹೋಗಿ, ಕಳೆ ಕೀಳುತ್ತಲೇ ಶಾಲೆಯ ಪಾಠವನ್ನು ಅವಳಿಗೆ ಒಪ್ಪಿಸುತ್ತಿದ್ದ. ಅಕ್ಷರ ಬಾರದ ಆಕೆ ತಲೆಯಾಡಿಸಿದರೆ ಮುಂದಿನ ಪಾಠ; ಹುಬ್ಬು ಗಂಟಿಕ್ಕಿದರೆ ಮತ್ತೆ ಮೊದಲಿನಿಂದ. ತನ್ನ ಕೇರಿಯಲ್ಲಿ ಎಂ.ಎ. ಓದಿದ ಮೊದಲಿಗನಾಗಿ ರಾಯಚೂರಿನ ಖಾಸಗಿ ಕಾಲೇಜೊಂದರಲ್ಲಿ ಇತಿಹಾಸ ಹೇಳುವಾಗಲೂ ಅವನ ರೀತಿ ಅದೇ. ಕೊನೆಯ ಬೆಂಚಿನ ತಲೆಯೂ ಆಡಬೇಕು.

ಆ ಕೆಲಸ ಕೊಡಿಸಿದವರು ಪ್ರಿನ್ಸಿಪಾಲ ಮಹಾಂತಯ್ಯನವರು. ಹಿಂದೆ ಮಾನ್ವಿಯ ಹೈಸ್ಕೂಲಿನಲ್ಲಿ ಅವರೇ ತಾಯಣ್ಣನ ಗುರುಗಳು. ಎಂಟನೆಯ ತರಗತಿಯಲ್ಲಿ ಅವನ ಕೈಗೆ ಸೀಮೆಸುಣ್ಣ ಕೊಟ್ಟು, "ಇವತ್ತಿನ ಪಾಠ ನೀ ಹೇಳಲೇ" ಎಂದು ತಾವು ಬೆಂಚಿನ ಮೇಲೆ ಕುಳಿತವರು. ಆದರೆ ಕೆಲಸ ತಾತ್ಕಾಲಿಕ. ನಾಲ್ಕು ವರ್ಷವಾದರೂ ಪ್ರತಿ ಜೂನ್ ತಿಂಗಳಲ್ಲಿ ಹೊಸ ಆದೇಶಕ್ಕಾಗಿ ಕಾಯಬೇಕು. ಊರಿಗೆ ಹೋದಾಗಲೆಲ್ಲ ಮಾನಮ್ಮನದು ಒಂದೇ ಪ್ರಶ್ನೆ: "ಕಾಯಂ ಆತೇನಪ್ಪಾ?"

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಕಾಲೇಜಿಗೆ ಟೇಪ್ ರೆಕಾರ್ಡರ್ ಬಂತು. ಮಹಾಂತಯ್ಯನವರು ತಾಯಣ್ಣನನ್ನು ಕರೆಸಿದರು.

"ದೇವದುರ್ಗದಾಗ ಎಷ್ಟೋ ಮಂದಿ ಮನ್ಯಾಗ ಕುಂತು ಬಿ.ಎ. ಪರೀಕ್ಷಾ ಕಟ್ಟಾಕತ್ತಾರ. ಪಾಠ ಹೇಳೋರು ಯಾರೂ ಇಲ್ಲ ಅವರಿಗೆ. ನೀ ವರ್ಷದ ಪಾಠ ಎಲ್ಲಾ ಕ್ಯಾಸೆಟ್‌ನ್ಯಾಗ ತುಂಬಿಸಿಬಿಡು. ಬರೋ ಜೂನ್‌ಕ ಕಾಯಂ ಹುದ್ದಿ ಬರ್ತದ. ಅದು ನಿಂದು, ನಾ ಮಾತು ಕೊಟ್ಟೀನಿ."

"ನೀವು ಹೇಳಿದ ಮ್ಯಾಲ ಮುಗೀತ್ರಿ ಗುರುಗಳ."

ನಕಾಶೆಗಳ ಕೋಣೆಯ ಕಿಟಕಿಗಳನ್ನು ಮುಚ್ಚಿ, ಅಟೆಂಡರ್ ಮಲಂಗಸಾಬ ಗುಂಡಿ ಒತ್ತಿದ. ಕ್ಯಾಸೆಟ್ ತಿರುಗಿತು. ತಾಯಣ್ಣ ಬೆವೆತನೇ ಹೊರತು ಬಾಯಿ ಬಿಡಲಿಲ್ಲ.

"ಇದು ತಲಿ ಆಡಸಂಗಿಲ್ಲಲ್ಲೋ ಮಲಂಗಸಾಬ!"

"ನಾ ಆಡಸ್ತೀನಿ ಬಿಡ್ರಿ ಸರ್. ಹಾಜರಿ ಮಾತ್ರ ಪಕ್ಕಾ ಹಾಕ್ರಿ ಮತ್ತ."

ಅಂದಿನಿಂದ ಮಲಂಗಸಾಬ ಮುಂದಿನ ಬೆಂಚಿನಲ್ಲಿ ಕೂತ. ಪ್ರತಿ ಭಾಗ ಮುಗಿದಾಗ ತಾಯಣ್ಣ, "ತಿಳೀತೇನು ಮಲಂಗಸಾಬ?" ಎಂದು ಕೇಳುವನು. ಅವನು ಸದ್ದಿಲ್ಲದೆ ತಲೆಯಾಡಿಸಿದರೆ, "ಭೇಷ್, ಮುಂದಕ್ಕ ಹೋಗೋಣ." ಆಡಿಸದಿದ್ದರೆ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹೇಳುವುದು. ಬಹಮನಿ ರಾಜ್ಯ ಐದು ಹೋಳಾದ ಪಾಠವನ್ನು ಹೀಗೆ ಮೂರು ಸಲ ಹೇಳಬೇಕಾಯಿತು.

"ಸರ್, ನನ್ನ ಹೆಸರೂ ಅದರಾಗ ಸೇರ್ಯದರಿ. ಅಳಿಸಿಬಿಡ್ಲ್ಯಾ?"

"ಇರಲಿ ಬಿಡೋ. ದೇವದುರ್ಗದವರಿಗೂ ಒಬ್ಬ ಜೊತಿಗಾರ ಬೇಕಲ್ಲ."

ಭಾನುವಾರಗಳಂದು ತಾಯಣ್ಣ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದ. ಅಲ್ಲಿಯ ಶಾಲೆಯೊಂದರಲ್ಲಿ ಕುಳಿತು ಕೇಳಿದವರು, "ಈ ಮಲಂಗಸಾಬನೂ ಪರೀಕ್ಷಾಕ್ಕ ಕುಂದರ್ತಾನೇನ್ರಿ?" ಎಂದು ನಕ್ಕರು. ಎರಡು ತಿಂಗಳಾದ ಮೇಲೆ ಮಹಾಂತಯ್ಯನವರು, "ಯಂತ್ರ ಬಸ್ಸಿನ್ಯಾಗ ಕೆಡ್ತದ, ಇಲ್ಲೇ ಇರಲಿ" ಎಂದರು. ತಾಯಣ್ಣ ಒಪ್ಪಿದ; ದೇವದುರ್ಗದ ಪಾಠ ಅಲ್ಲಿಗೆ ನಿಂತಿತು. ಬೇಸಗೆಯ ಹೊತ್ತಿಗೆ ನಲವತ್ತು ಕ್ಯಾಸೆಟ್ಟುಗಳು ತುಂಬಿ ಕಪಾಟು ಸೇರಿದವು.

ಜೂನ್ ಬಂತು. ಸೂಚನಾ ಫಲಕದ ಮೇಲೆ ಕಾಯಂ ಹುದ್ದೆಯ ಆದೇಶ ಅಂಟಿಸಿತ್ತು. ಅದರಲ್ಲಿದ್ದುದು ಮಹಾಂತಯ್ಯನವರ ಅಳಿಯನ ಹೆಸರು.

ಕೋಣೆಯೊಳಗೆ ಗುರುಗಳು ಕಡತದಿಂದ ಕಣ್ಣೆತ್ತಲಿಲ್ಲ. "ಮನ್ಯಾಗಿನವರ ಮಾತು ಮೀರಾಕ ಆಗಲಿಲ್ಲೋ ತಾಯಣ್ಣಾ. ನೀ ಶಾಣ್ಯಾ ಇದ್ದಿ, ಎಲ್ಲೆರ ಸಿಗ್ತದ."

ತಾಯಣ್ಣ ತನ್ನ ವಿಷಯ ಎತ್ತಲಿಲ್ಲ. ವಿದ್ಯಾರ್ಥಿಗಳ ವಿಷಯ ಕೇಳಿದ. "ಅವರು ಎಂದೂ ಪಾಠ ಹೇಳಿದವರಲ್ಲಲ್ರಿ. ಕ್ಲಾಸ್ ಹೆಂಗ ನಡೀತಾವ್ರಿ?"

"ಅದಕ್ಕೇನು, ನಿನ್ನ ಕ್ಯಾಸೆಟ್ ಅದಾವಲ್ಲ."

ಕೆಲಸ ಹೋದದ್ದನ್ನು ಅವನು ತಡೆದುಕೊಂಡಾನು. ದೇವದುರ್ಗದವರ ಹೆಸರು ಹೇಳಿ ತನ್ನಿಂದ ಪಾಠ ತುಂಬಿಸಿಕೊಂಡದ್ದು ಯಾರಿಗಾಗಿ ಎಂಬುದು ಈಗ ಹೊಳೆಯಿತು; ತಡೆಯಲಾಗದ್ದು ಅದು. ಮಾನ್ವಿಯಲ್ಲಿ ಸೀಮೆಸುಣ್ಣ ಕೊಟ್ಟ ಕೈಯೇ ಆ ಕಡತದ ಹಾಳೆ ಮಗುಚುತ್ತಿತ್ತು. ಎಂದಿನಂತೆ ನಮಸ್ಕರಿಸಿ ಹೊರಬಂದ. ಮಲ್ಲಟದಲ್ಲಿ ಮಾನಮ್ಮ ಮಗನ ಮುಖ ನೋಡಿದಳು; ಆ ಸಲ ಪ್ರಶ್ನೆ ಕೇಳಲಿಲ್ಲ.

ಮುಂದೆ ಮಾನ್ವಿಯ ಹೈಸ್ಕೂಲಿನಲ್ಲಿ ಅವನಿಗೆ ಮಾಸ್ತರಿಕೆ ಸಿಕ್ಕಿತು. ಅದಕ್ಕೆ ಬೇಕಾದ ಅನುಭವದ ಪತ್ರಕ್ಕಾಗಿ ಆಗಸ್ಟಿನಲ್ಲಿ ಒಮ್ಮೆ ಕಾಲೇಜಿನ ಮೆಟ್ಟಿಲು ಹತ್ತಲೇಬೇಕಾಯಿತು. ಗುಮಾಸ್ತರಿಂದ ಪತ್ರ ಪಡೆದು ಹೊರಟಾಗ ಪಡಸಾಲೆಯಲ್ಲಿ ತನ್ನದೇ ದನಿ ಕೇಳಿ ನಿಂತ.

ತರಗತಿಯಲ್ಲಿ ಅಳಿಯ ಕುರ್ಚಿಯ ಮೇಲೆ ಪತ್ರಿಕೆ ಹರವಿಕೊಂಡು ಕುಳಿತಿದ್ದ. ಯಂತ್ರದ ಪಕ್ಕ ಮಲಂಗಸಾಬ ನಿಂತಿದ್ದ. ಬಹಮನಿ ರಾಜ್ಯ ಐದು ಹೋಳಾಗುತ್ತಿತ್ತು.

"ತಿಳೀತೇನು ಮಲಂಗಸಾಬ?" ಎಂದಿತು ಕ್ಯಾಸೆಟ್.

ವಿದ್ಯಾರ್ಥಿಗಳು ನಗುತ್ತ ಅವನತ್ತ ತಿರುಗಿದರು. ದಿನವೂ ಅವನು ತಲೆಯಾಡಿಸುವುದು ಅವರಿಗೊಂದು ತಮಾಷೆಯಾಗಿತ್ತು. ಅಂದು ಮಲಂಗಸಾಬ ಬಾಗಿಲಲ್ಲಿ ತಾಯಣ್ಣನನ್ನು ಕಂಡ. ತಲೆಯಾಡಿಸಲಿಲ್ಲ.

"ಇಲ್ರಿ ಸರ್," ಎಂದ ಗಟ್ಟಿಯಾಗಿ, ಬಾಗಿಲನ್ನೇ ನೋಡುತ್ತ. "ತಿಳೀಲಿಲ್ರಿ."

ನಗು ನಿಂತಿತು. ಅಳಿಯ ಪತ್ರಿಕೆ ಇಳಿಸಿದ. ಇನ್ನೊಮ್ಮೆ ಹೇಳುತ್ತೇನೆ ಎನ್ನಲು ತಾಯಣ್ಣನ ಬಾಯಿ ತಾನಾಗಿ ತೆರೆಯಿತು. ಆದರೆ ಕ್ಯಾಸೆಟ್ಟಿನಲ್ಲಿ ಬಿಟ್ಟಿದ್ದ ಮೌನ ಒಂದು ಸಲ ತಲೆಯಾಡಿಸುವಷ್ಟೇ ಉದ್ದದ್ದು.

"ಭೇಷ್," ಎಂದಿತು ಅವನ ದನಿ. "ಮುಂದಕ್ಕ ಹೋಗೋಣ."