ದೊಡ್ಡಮ್ಮ ಬಿಟ್ಟ ಸಾಲು

ನನ್ನದು ಕೀಬೋರ್ಡ್ ರಿಪೇರಿ ಅಂಗಡಿ. ಟೈಪ್ ಮಾಡುವುದಲ್ಲ, ಹಾಡು ನುಡಿಸುವ ಎಲೆಕ್ಟ್ರಾನಿಕ್ ಕೀಬೋರ್ಡು. ನುಡಿಸಲು ನನಗೆ ಬರುವುದಿಲ್ಲ, ಅದು ಬೇರೆ ಮಾತು. ಅಂಗಡಿಯ ಒಳಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಎರಡು ದಿಂಬು ಹಾಕಿದ ಕುರ್ಚಿಯಲ್ಲಿ ದೊಡ್ಡಮ್ಮ ಕೂರುತ್ತಾಳೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಊಟದ ಮೇಜಿನ ಮೇಲೆ ಬೆರಳು ಕುಣಿಸುತ್ತಿದ್ದಳು. ಆ ಟಕಟಕ ತಾಳಲಾರದೆ ನಾನೇ ಕರೆತಂದೆ.

ಕೆಲಸವೂ ಇತ್ತೆನ್ನಿ. ಕೀಬೋರ್ಡಿನ ಕೈಪಿಡಿಗಳೆಲ್ಲ ಪಿಡಿಎಫ್ ಆಗಿ ಬರುತ್ತವೆ, ಅವಕ್ಕೆ ಬೀಗ ಬೇರೆ. ಓದಬಹುದು, ಅಷ್ಟೇ, ಒಂದು ಸಾಲು ಕಾಪಿ ಮಾಡಲು ಬಿಡುವುದಿಲ್ಲ, ಪ್ರಿಂಟೂ ಕೊಡುವುದಿಲ್ಲ. ಇನ್ನೂರು ಪುಟದಲ್ಲಿ ಗಿರಾಕಿಗೆ ಬೇಕಾದದ್ದು ಒಂದು ಪುಟ, ಅದೂ ಇರುವೆಯಂಥ ಅಕ್ಷರ. ದೊಡ್ಡಮ್ಮ ಪರದೆ ನೋಡಿಕೊಂಡು ಅದನ್ನು ದಪ್ಪಕ್ಷರದಲ್ಲಿ ಟೈಪ್ ಮಾಡುತ್ತಾಳೆ, ಒಂದು ಸೂಚನೆಗೆ ಒಂದು ಸಾಲು. ಕೊನೆಗೆ ಕೈಪಿಡಿ, ಹಾಳೆ ಎರಡೂ ಕಡೆ ಸಾಲು ಎಣಿಸುತ್ತಾಳೆ. ಎಣಿಕೆ ತಾಳೆಯಾಗದೆ ಹಾಳೆ ಹೊರಗೆ ಹೋಗುವ ಹಾಗಿಲ್ಲ.

ಒಂದೇ ಚಾಳಿ: ಕೈಪಿಡಿಯಲ್ಲಿ ಇಲ್ಲದ್ದನ್ನು ಮೇಲ್ಗಡೆ ಸೇರಿಸುತ್ತಾಳೆ. ‘ಮೊದಲು ಎಲ್ಲವನ್ನೂ ಮೂರು ಸಲ ಓದಿ. ಓದುವಾಗ ಫೋನ್ ಎತ್ತಬೇಡಿ. ಆಮೇಲೆ ಗುಂಡಿ ಮುಟ್ಟಿ.’ ಗಿರಾಕಿಗಳೇನು ಶಾಲೆ ಮಕ್ಕಳೇ ಎಂದು ನಾನು ರೇಗಿದ್ದುಂಟು. ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಬಂದರು. ಮನೆಯ ಕೀಬೋರ್ಡು ಮೊಂಡು ಹಿಡಿದು ಕೂತಿತ್ತು. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದರ ಸ್ಥಿತಿಗೆ ತರಬೇಕಿತ್ತು. ಅಂಗಡಿಗೆ ತನ್ನಿ ಎಂದರೆ ಒಪ್ಪಲಿಲ್ಲ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು, ಆಕೆ ನುಡಿಸಿದ ಒಂದೇ ಒಂದು ಹಾಡು ಅದರೊಳಗಿತ್ತು, ಅದು ಹೊಸ್ತಿಲು ದಾಟುವುದು ಅವರಿಗೆ ಬೇಡ. ಹಾಳೆಯಲ್ಲಿ ಇದ್ದ ಹಾಗೇ ಮಾಡಿ, ಹಾಡಿಗೆ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿ ಕೈಗೊಂದು ಪೆನ್ ಡ್ರೈವ್ ಕೊಟ್ಟೆ. ಅವರು ದೊಡ್ಡಮ್ಮನ ಕುರ್ಚಿಯ ಹಿಂದೆಯೇ ನಿಂತು, ಬಸ್ಸು ಹೊರಡುವ ಹೊತ್ತಾಯಿತೆಂಬಂತೆ ಚಡಪಡಿಸಿದರು. ಆ ಗಡಿಬಿಡಿಯಲ್ಲಿ ಅವಳು ಎಣಿಸದೆ ಹಾಳೆ ಕೊಟ್ಟುಬಿಟ್ಟಳು.

ಅವರು ಹೋಗಿ ಅರ್ಧ ಗಂಟೆಗೆ ಮನಸ್ಸು ತಡೆಯದೆ ಎಣಿಸಿದಳು. ಕೈಪಿಡಿಯಲ್ಲಿ ಹದಿನಾರು, ಅವಳದರಲ್ಲಿ ಹದಿನೈದು. ‘ಪೆನ್ ಡ್ರೈವ್’ ಎಂದೇ ಶುರುವಾಗುವ ಎರಡು ಸಾಲು ಒಂದರ ಕೆಳಗೊಂದಿದ್ದವು, ಕಣ್ಣು ಜಾರಿತ್ತು. ಅದನ್ನು ಸಿಕ್ಕಿಸಿ ಎಂಬುದು ಇತ್ತು. ಅದಕ್ಕೆ ಹಾಡು ಇಳಿಸಿ ಎಂಬುದು ಇರಲಿಲ್ಲ. ಅದರ ಮುಂದಿನ ಸಾಲೇ ಎಲ್ಲವನ್ನೂ ಅಳಿಸುವುದು.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಊಹೂಂ. ದೊಡ್ಡಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಆದರೆ ಹಿಂದೆ ಕೂತವಳು ಬಿಟ್ಟ ಸಾಲನ್ನೇ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದಳು, ನುಂಗಿಕೊಂಡೆ.

ಅವರ ಮನೆ ಬಾಗಿಲು ತೆರೆದಿತ್ತು. ಡ್ರೈವರ್ ಕೀಬೋರ್ಡಿನ ಮುಂದೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಹಾಳೆಯ ಮೇಲೆ ಬೆರಳು ಸರಿಸುತ್ತಿದ್ದರು. ಪೆನ್ ಡ್ರೈವ್ ಇನ್ನೂ ಮೇಜಿನ ಮೇಲಿತ್ತು. ನಮ್ಮನ್ನು ಕಂಡವರೇ ಕೈ ಅಡ್ಡ ಮಾಡಿದರು.

“ಸ್ವಲ್ಪ ಇರಿ. ಮೂರನೇ ಸಲ ಓದ್ತಾ ಇದೀನಿ.”

ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

“ಎತ್ತಬೇಡಿ ಅಂತ ಬರೆದಿದೆಯಲ್ಲಪ್ಪ.”

ದೊಡ್ಡಮ್ಮ ಅಲ್ಲೇ ಕುಸಿದು ಕೂತು ನಕ್ಕಳು, ಕಣ್ಣೂ ಒರೆಸಿಕೊಂಡಳು. ಅಂದಿನಿಂದ ಆ ಮೇಲ್ಗಡೆಯ ಮಾತುಗಳ ಬಗ್ಗೆ ನಾನು ಸೊಲ್ಲೆತ್ತಿಲ್ಲ. ಅವಳು ತಪ್ಪೊಪ್ಪಿಕೊಂಡು, ಬಿಟ್ಟುಹೋದ ಸಾಲನ್ನು ಪೆನ್ನಿನಲ್ಲಿ ಸೇರಿಸಿದಳು. ಹಾಡು ಇಳಿಯಿತು, ಅಳಿಸಿಯೂ ಆಯಿತು, ಕೀಬೋರ್ಡು ಸರಿಹೋಯಿತು. ಹಾಡನ್ನು ಮತ್ತೆ ಒಳಗೆ ಹಾಕಿ ಗುಂಡಿ ಒತ್ತಿದೆ. ನಿಧಾನವಾಗಿ ಕುಂಟುತ್ತಾ ಹೊರಟ ರಾಗ ನಡುವೆ ಒಂದು ಕಡೆ ಅಪಸ್ವರ ಹಿಡಿದು ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು.

“ಇಲ್ಲೇ ತಪ್ಪುತ್ತಾಳೆ, ಕೇಳಿ,” ಎಂದರು ಡ್ರೈವರ್, ಮುಖವರಳಿಸಿ. “ತಿದ್ದಿಸಿಬಿಡೋಣ ಅಂತಾಳೆ ಮಗಳು.”

ಒಂದಕ್ಷರ ತಪ್ಪಿದರೂ ಹಾಳೆ ಹರಿದು ಹೊಸದಾಗಿ ಟೈಪ್ ಮಾಡುತ್ತಾ ಮೂವತ್ತೊಂದು ವರ್ಷ ಕಳೆದವಳು ನಮ್ಮ ದೊಡ್ಡಮ್ಮ.

“ಬೇಡ,” ಎಂದಳು. “ಇದ್ದ ಹಾಗೇ ಇರಲಿ. ಇನ್ನೊಂದು ಸಲ ಹಾಕಿ, ಕೇಳೋಣ.”